ಐದು ಗಂಟೆಯ ಟೀ

ರೇಲೀನ್ ಟ್ವಿಗ್‌ಳ ಕೆಲಸ ವೃದ್ಧಾಲಯಗಳ ತಪಾಸಣೆ. ಮೆಲ್ಬರ್ನಿನ ಪೂರ್ವಕ್ಕಿರುವ ಗಿಪ್ಸ್‌ಲ್ಯಾಂಡ್ ಎಂಬ ಹೈನುಸೀಮೆಯ ಸಣ್ಣಪುಟ್ಟ ಊರುಗಳಲ್ಲಿ ಅವಳ ಬಿಳಿ ಕಾರು ಕಂಡರೆ ಸಾಕು, ಮೇಲ್ವಿಚಾರಕರ ಎದೆ ಧಸಕ್ಕೆನ್ನುತ್ತಿತ್ತು. ಉಳಿದವರು ಹತ್ತಕ್ಕೆ ಬಂದು ಕಡತ ಕೇಳುತ್ತಾರೆ; ಇವಳು ಹೇಳದೆ ಕೇಳದೆ ಬೆಳಗಿನ ಐದಕ್ಕೇ ಬಂದು ನೇರ ಊಟದ ಕೋಣೆಗೆ ನುಗ್ಗುತ್ತಾಳೆ. ಕಡತ ಸುಳ್ಳು ಹೇಳಬಹುದು, ಐದು ಗಂಟೆ ಹೇಳುವುದಿಲ್ಲ ಎಂಬುದು ಅವಳ ನಂಬಿಕೆ.

ಅದಕ್ಕೆ ಕಾರಣವಿತ್ತು. ಅವಳ ತಾಯಿ ಕೊನೆಗಾಲದಲ್ಲಿದ್ದ ವೃದ್ಧಾಲಯದಲ್ಲಿ, ರಾತ್ರಿ ಪಾಳಿಯವರು ಹೊರಡುವ ಮುಂಚೆ ಹಾಸಿಗೆಗಳೆಲ್ಲ ಓರಣವಾಗಿರಬೇಕೆಂದು ಮುದುಕರನ್ನು ನಸುಕಿನಲ್ಲೇ ಎಬ್ಬಿಸಿ, ಬಟ್ಟೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಿಬಿಡುತ್ತಿದ್ದರು. ಗಂಜಿ ಬರುತ್ತಿದ್ದದ್ದು ಎಂಟಕ್ಕೆ. ತಾಯಿ ಅದನ್ನು ಬಾಯಿಬಿಟ್ಟು ಹೇಳಿದ್ದು ಸಾಯುವ ವಾರ. ಅಲ್ಲಿಯವರೆಗೆ ತಾನು ಒಮ್ಮೆಯೂ ಕೇಳಲಿಲ್ಲವಲ್ಲ ಎಂಬ ಸಂಕಟ ಮಗಳನ್ನು ಇವತ್ತಿಗೂ ಬಿಟ್ಟಿಲ್ಲ.

ಹಾಗಾಗಿ ವುಲರಿನ್ ಊರಿನ ವೃದ್ಧಾಲಯದಲ್ಲಿ, ಹೊರಗಿನ್ನೂ ಮಂಜು ಕವಿದಿರುವಾಗಲೇ, ಆರು ಜನ ಮುದುಕರು ತಲೆ ಬಾಚಿಕೊಂಡು ಟೀ ಮುಂದೆ ಕೂತಿದ್ದನ್ನು ಕಂಡು ರೇಲೀನಳ ಮೈ ಉರಿದುಹೋಯಿತು. ಮೇಲ್ವಿಚಾರಕಿ ತ್ರಿಶ್‌ಳನ್ನು ಕರೆದು, ಹೊತ್ತಿಗೆ ಮುಂಚೆ ಹೊಡೆದುಕೊಂಡು ಬರುವುದಕ್ಕೆ ಇವರೇನು ದನಗಳೇ ಎಂದು ಅಲ್ಲೇ ಜಾಡಿಸಿದಳು. ತ್ರಿಶ್‌ಳ ಮುಖ ಬಿಳಿಚಿಕೊಂಡಿತು. ಅವಳು ಇಲ್ಲಿ ಕೆಲಸಕ್ಕೆ ಸೇರುವ ಮುಂಚೆ ಈ ವೃದ್ಧಾಲಯ ತಪಾಸಣೆಯಲ್ಲಿ ಒಮ್ಮೆ ನಪಾಸಾಗಿತ್ತು. ಇನ್ನೊಮ್ಮೆ ನಪಾಸಾದರೆ ಬಾಗಿಲು ಮುಚ್ಚುವುದೇ. ಮೂವತ್ತು ಜನರನ್ನು ಹುಟ್ಟಿದೂರಿನಿಂದ ಕಿತ್ತು ಮೆಲ್ಬರ್ನಿಗೆ ಸಾಗಿಸಬೇಕು. ಅವರನ್ನೇ ಕೇಳಿ ನೋಡಿ ಎಂದಷ್ಟೇ ಅವಳೆಂದಳು. ಅಷ್ಟು ಹೊತ್ತಿಗೆ ರೇಲೀನ್ ಎರಡು ಪುಟ ಗೀಚಿಯಾಗಿತ್ತು.

ಉತ್ತರ ಕೊಟ್ಟವನು ಮರ್ವ್ ಕಾಲಹನ್, ಎಂಬತ್ತೆಂಟರ ಹೈನುಗಾರ.

"ಏನಮ್ಮಾ ಇನ್ಸ್‌ಪೆಕ್ಟ್ರಮ್ಮ, ಅವಳನ್ನ ಯಾಕೆ ಬೈತೀಯ? ಎಪ್ಪತ್ತು ವರ್ಷ ನಾಕೂವರೆಗೆ ಎದ್ದು ಹಾಲು ಕರೆದೋನು ನಾನು. ಹಸು ಮಾರಿದೆ ಸರಿ, ಎಚ್ಚರಾನ ಯಾರಿಗೆ ಮಾರ್ಲಿ?"

ತ್ರಿಶ್ ಬರುವ ಮುಂಚೆ ಅಡುಗೆಮನೆಗೆ ಏಳರವರೆಗೆ ಬೀಗವಂತೆ. ಇವರೆಲ್ಲ ನಸುಕಿಗೇ ಎದ್ದು ಪಡಸಾಲೆಯಲ್ಲಿ ಅಡ್ಡಾಡಿದರೆ, ಚಡಪಡಿಕೆಯೆಂದು ಗುಳಿಗೆ ನುಂಗಿಸುತ್ತಿದ್ದರಂತೆ. ಬೀಗ ತೆಗೆಸಿದವಳೇ ಇವಳು. ರೇಲೀನಳಿಗೆ ಕಿವಿ ಬಿಸಿಯಾಯಿತು. ಈ ಸಲವೂ ಕೇಳದೆ ಕೂತವಳು ತಾನೇ. ಎರಡೂ ಪುಟ ಹರಿದಳು.

ಅಷ್ಟಕ್ಕೇ ಎದ್ದು ಹೋಗಬಹುದಿತ್ತು. ಆದರೆ ಮೇಜಿನ ತುದಿಯಲ್ಲಿ ಐರಿಸ್ ಬ್ರೆನನ್ ಎಂಬ ಮುದುಕಿ ತೂಕಡಿಸುತ್ತಿದ್ದಳು. ಮುಂದಿದ್ದ ಟೀ ಕೆನೆಗಟ್ಟಿತ್ತು. ರೇಲೀನ್ ಪಕ್ಕದಲ್ಲಿ ಕೂತು, ನಿಮ್ಮಲ್ಲಿ ಎಷ್ಟು ಹಸುಗಳಿದ್ದವು ಎಂದು ಕೇಳಿದಳು.

"ನಂದಾ? ಹಸು ಹತ್ರ ಹೋದ್ರೆ ಸೀನು ಬರುತ್ತೆ ಕಣೆ ನಂಗೆ. ಡ್ಯಾನ್ಸ್ ಹಾಲಲ್ಲಿ ಪಿಯಾನೊ ನುಡಿಸ್ತಿದ್ದೆ, ಒಂಬತ್ತಕ್ಕೆ ಮುಂಚೆ ಎದ್ದೋಳೇ ಅಲ್ಲ. ಇಲ್ಲಿ ಎಬ್ಬಿಸ್ತಾರೆ. ಈ ಊರೋರು ಅಂದ್ರೆ ಎಲ್ಲಾರೂ ಹಾಲು ಕರೆದೋರೇ ಅಂದ್ಕೊಂಡಿದಾರೆ, ಪಾಪ."

ಮರ್ವ್ ನಗಲು ಹೋದವನು ಐರಿಸಳ ಆರಿದ ಟೀಯನ್ನು ಪಕ್ಕಕ್ಕೆ ಸರಿಸಿದ. ತ್ರಿಶ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹನ್ನೊಂದು ತಿಂಗಳಿಂದ ಒಳ್ಳೆಯದೆಂದೇ ತಿಳಿದು ಎಬ್ಬಿಸುತ್ತಿದ್ದಳು.

ವೃದ್ಧಾಲಯ ಪಾಸಾಯಿತು, ಒಂದು ಷರತ್ತಿನೊಂದಿಗೆ: ಏಳುವ ಹೊತ್ತನ್ನು ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳತಕ್ಕದ್ದು. ಗಡುವು ಆರು ವಾರ.

ಗಡುವು ಮುಗಿದ ಮೇಲೆ ರೇಲೀನ್ ಎಂಟೂವರೆಗೆ ಬಂದಳು. ಆ ದಿನ ಇನ್ನೂ ಎರಡು ಊರಿನ ತಪಾಸಣೆ ಬಾಕಿಯಿತ್ತು, ಆದರೆ ಐರಿಸಳನ್ನು ಕಣ್ಣಾರೆ ನೋಡದೆ ಕಡತ ಮುಚ್ಚುವಂತಿರಲಿಲ್ಲ. ಐರಿಸಳ ಕೋಣೆಯ ಬಾಗಿಲು ತಟ್ಟಲು ಕೈಯೆತ್ತಿದಾಗ ಅದಕ್ಕೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಮರ್ವ್‌ನ ಸೊಟ್ಟ ಅಕ್ಷರ: "ಈ ಕೋಣೇಲಿ ಹಸು ಇಲ್ಲ. ಒಂಬತ್ತಕ್ಕೆ ಮುಂಚೆ ತಟ್ಟಿದೋರಿಗೆ ನನ್ನ ಕೋಲು."

ಅವಳು ಕೈ ಇಳಿಸಿ, ಪಡಸಾಲೆಯಲ್ಲಿ ಕುರ್ಚಿಯೆಳೆದುಕೊಂಡು ಕೂತಳು. ಮರ್ವ್ ಟೀ ತಂದುಕೊಟ್ಟು, ತಡ ಆಗಲ್ವಾ ಎಂದ.

"ಆಗ್ಲಿ ಬಿಡಿ. ನಮ್ಮಮ್ಮಂಗೂ ನಿದ್ದೆ ಅಂದ್ರೆ ಪ್ರಾಣ."

ಒಂಬತ್ತು ಹತ್ತಕ್ಕೆ ಒಳಗೆ ಕೆಮ್ಮಿದ ಸದ್ದಾಯಿತು. ರೇಲೀನ್ ಕಣ್ಣೊರೆಸಿಕೊಂಡು ಎದ್ದು ಬಾಗಿಲು ತಟ್ಟಿದಳು.