ಗ್ಯಾರೇಜಿನ ಹಿಂದಿನ ಗುಂಡಿ

ಆ ದೂರಿನ ಅರ್ಜಿ ಬರೆದವನು ನಾನೇ. ಮೂವತ್ತೊಂದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು ಊರವರ ಜಮೀನಿನ ಚೆಕ್ಕುಬಂದಿ ಬರೆದ ಕೈ ಇದು. ಯಾರಾದರೂ ‘ನಾಗಭೂಷಣ ಸಾರ್, ನೀವೇ ಚೆನ್ನಾಗಿ ಬರೆದುಕೊಡಿ’ ಎಂದರೆ ಸಾಕು, ಉಬ್ಬಿಹೋಗುತ್ತೇನೆ. ಹಾಗೆ ಉಬ್ಬಿ ಬರೆದ ಅರ್ಜಿಯಿಂದ ಮುನಿಯಲ್ಲಪ್ಪನವರಿಗೆ ಏನಾಯಿತು ಎಂದು ಹೇಳಬೇಕಾಗಿದೆ. ಇದನ್ನು ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ ಎಂದೇನೂ ಅಲ್ಲ. ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಅನ್ನ ಇಳಿಯುತ್ತಿದೆ, ನಿದ್ದೆಯೂ ಬರುತ್ತಿದೆ. ಆದರೆ ಬೆಳಿಗ್ಗೆ ಎದ್ದು ಕೆರೆಯ ಕಡೆ ಹೊರಟರೆ ಒಂದು ಬೆಂಚನ್ನು ಮಾತ್ರ ನೋಡದೆ ದಾಟುತ್ತೇನೆ.

ಮುನಿಯಲ್ಲಪ್ಪನವರು ಹುಟ್ಟಿದ್ದು ಇಲ್ಲೇ ಹತ್ತಿರದ ಸಿಂಗಾಪುರದಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದಾಗ. ಅಪ್ಪ ರಾಗಿ ಬೆಳೆಯುತ್ತಿದ್ದರು. ಮಗನಿಗೆ ಮಣ್ಣಿಗಿಂತ ಗ್ರೀಸು ಹಿಡಿಸಿತು. ಯಶವಂತಪುರದ ಲಾರಿ ವರ್ಕ್‌ಶಾಪೊಂದರಲ್ಲಿ ಕೆಲಸ ಕಲಿತು, ಇಪ್ಪತ್ತೆಂಟನೆಯ ವಯಸ್ಸಿಗೆ ನಮ್ಮ ಬಡಾವಣೆಯ ಕೊನೆಯಲ್ಲಿ ಬಾಡಿಗೆ ಜಾಗ ಹಿಡಿದು, ತಗಡು ಹೊದಿಸಿ, ಸ್ವಂತ ಗ್ಯಾರೇಜು ತೆರೆದರು. ಅದರ ಹಿಂದೆಯೇ ರಾಜಕಾಲುವೆ. ಮಳೆ ನೀರೆಲ್ಲ ಅದರಲ್ಲಿ ಹರಿದು ಅರ್ಧ ಮೈಲಿ ಆಚೆಯ ಕೆರೆ ಸೇರುತ್ತದೆ.

ಗಾಡಿಗೆ ಏನಾಗಿದೆ ಎಂದು ನಾವು ವಿವರಿಸಲು ಹೊರಟರೆ ಅವರು ಕೈ ಎತ್ತಿ ತಡೆಯುತ್ತಿದ್ದರು. ‘ನೀವ್ ಸುಮ್ಕಿರಿ ಸಾರ್, ಅದೇ ಏಳ್ತದೆ’ ಎಂದು ಬಾನೆಟ್ಟಿನ ಮೇಲೆ ಅಂಗೈ ಊರಿ ಒಂದು ನಿಮಿಷ ಆಲಿಸುತ್ತ ನಿಲ್ಲುವರು. ಬೇಡದ ಪಾರ್ಟು ಬದಲಾಯಿಸಿದವರಲ್ಲ, ಆಗದ ಕೆಲಸ ಒಪ್ಪಿಕೊಂಡವರಲ್ಲ. ಇಲಾಖೆಯ ಹರಾಜಿನಲ್ಲಿ ನಾನು ಹಿಡಿದ ಹಳೆಯ ಅಂಬಾಸಿಡರ್ ಕಾರು ಹದಿನೇಳು ವರ್ಷ ಓಡಿದ್ದು ಅವರ ಕೈಗುಣದಿಂದ. ನನ್ನ ಹೆಂಡತಿಯಂತೂ ಅದನ್ನು ‘ಮುನಿಯಲ್ಲಪ್ಪನ ಎಮ್ಮೆ’ ಎಂದೇ ಕರೆಯುತ್ತಿದ್ದಳು; ಮೇಯುವುದು ನಮ್ಮ ಮನೆಯಲ್ಲಿ, ಇರುವುದು ಅವರ ಕೊಟ್ಟಿಗೆಯಲ್ಲಿ ಎಂದು.

ಆರ್.ಟಿ. ನಗರದ ಮುಜಫ್ಫರ್ ಅಲ್ಲಿಗೆ ವೈರಿಂಗ್ ಕೆಲಸಕ್ಕೆಂದು ಬಂದವನು ಇಪ್ಪತ್ತು ವರ್ಷ ಉಳಿದುಬಿಟ್ಟ. ಅವರನ್ನು ಉಸ್ತಾದ್ ಎನ್ನುತ್ತಿದ್ದ, ಇವತ್ತಿಗೂ ಹಾಗೆಯೇ ಅನ್ನುತ್ತಾನೆ. ನಾಲ್ಕು ವರ್ಷದ ಹಿಂದೆ ಮುನಿಯಲ್ಲಪ್ಪನವರ ಮಂಡಿ ಎರಡೂ ಕೈಕೊಟ್ಟವು. ಒಂದು ಶುಕ್ರವಾರ ಪೂಜೆ ಮಾಡಿಸಿ, ಸ್ಪ್ಯಾನರುಗಳನ್ನೂ ಬೀಗದ ಕೈಯನ್ನೂ ಮುಜಫ್ಫರನ ಕೈಗಿಟ್ಟು ಮನೆಗೆ ನಡೆದರು.

ನಿವೃತ್ತಿಯಾದ ಮೇಲೆಯೇ ಅವರು ನಮ್ಮ ಕೆರೆಯನ್ನು ಕಣ್ಣು ತುಂಬ ನೋಡಿದ್ದು. ಆ ಹೊತ್ತಿಗೆ ಪಾಲಿಕೆಯವರು ಹೂಳು ತೆಗೆದು, ಸುತ್ತ ದಾರಿ ಮಾಡಿ, ಬೆಂಚು ಹಾಕಿದ್ದರು. ಮುನಿಯಲ್ಲಪ್ಪನವರು ದಿನಾ ಬೆಳಿಗ್ಗೆ ಆರೂವರೆಗೆ ಬಂದು ಹೊಂಗೆಮರದ ಕೆಳಗಿನ ಬೆಂಚಿನಲ್ಲಿ ಕೂರುವರು. ಹಣೆಯ ಮೇಲೆ ಬಿಳಿ ನಾಮ ಎಳೆದಂತಿರುವ ಕರಿ ಹಕ್ಕಿಗೆ ನಾಮದ ಕೋಳಿ ಎನ್ನುತ್ತಾರೆಂದು ನಮಗೆ ಹೇಳಿಕೊಟ್ಟವರು ಅವರೇ. ಕಳೆ ಎತ್ತುವ ದೋಣಿಯ ಮೋಟಾರು ಕೆಟ್ಟು ತಿಂಗಳುಗಟ್ಟಲೆ ನಿಂತಿತ್ತು. ಒಂದು ಮಧ್ಯಾಹ್ನ ಕೂತು ಅದನ್ನು ಓಡುವಂತೆ ಮಾಡಿದರು. ಅವತ್ತಿನಿಂದ ಕೆರೆ ಬಳಗದ ಕಾರ್ಯದರ್ಶಿ ಶಾಂತಲಾ ಅವರು ‘ಮುನಿಯಲ್ಲಪ್ಪ ಸರ್’ ಎನ್ನತೊಡಗಿದರು. ಹಿಂದೆಯೇ ಎಲ್ಲರೂ ಸರ್ ಎಂದರು. ನಲವತ್ತು ವರ್ಷ ‘ಏನಪ್ಪಾ ಮೆಕ್ಯಾನಿಕ್ಕು’ ಎಂದು ಕೂಗಿಸಿಕೊಂಡ ಮನುಷ್ಯ. ಮೊದಮೊದಲು ಸರ್ ಎಂದರೆ ಹಿಂದೆ ತಿರುಗಿ ನೋಡುತ್ತಿದ್ದರು. ಆಮೇಲೆ ಬಟ್ಟೆಗೆ ಇಸ್ತ್ರಿ ಹಾಕಿಸಿಕೊಂಡು ಬರಲು ಶುರುಮಾಡಿದರು.

ಈ ವರ್ಷದ ಮೇ ತಿಂಗಳಲ್ಲಿ ಪಾಲಿಕೆಯವರು ಕಾಲುವೆ ಅಗಲ ಮಾಡುತ್ತೇವೆಂದು ಜೆಸಿಬಿ ತಂದು ದಡವನ್ನೆಲ್ಲ ಕೆರೆದರು. ಜೂನಿನಲ್ಲಿ ಒಳ್ಳೆಯ ಮಳೆಯಾಯಿತು. ಮಾರನೆಯ ಬೆಳಿಗ್ಗೆ ಕೆರೆಗೆ ಕಾಲುವೆಯ ನೀರು ಬಂದು ಸೇರುವ ಮೂಲೆಯಲ್ಲಿ ಬಣ್ಣಬಣ್ಣದ ಜಿಡ್ಡು ಹರಡಿತ್ತು. ಎರಡು ನಾಮದ ಕೋಳಿಗಳು ರೆಕ್ಕೆ ಅಂಟಿಕೊಂಡು ಸತ್ತು ತೇಲುತ್ತಿದ್ದವು. ಶಾಂತಲಾ ಅವರಿಗೆ ಅಳುವೇ ಬಂತು.

‘ಸರ್, ನೀವೇ ಹೇಳ್ಬೇಕು. ಏನಿದು?’

ಮುನಿಯಲ್ಲಪ್ಪನವರು ಬಗ್ಗಿ ಬೆರಳು ಅದ್ದಿದರು. ಉಜ್ಜಿದರು, ಮೂಸಿದರು. ‘ಎಂಜಿನ್ ಆಯಿಲ್ಲಮ್ಮ. ಸುಟ್ಟಿರೋದು’ ಎಂದರು.

‘ಕಾಲುವೆ ಪಕ್ಕ ಇರೋದು ಒಂದೇ ಗ್ಯಾರೇಜು. ಆ ಮುಜಫ್ಫರ್ ಬಿಡ್ತಿರ್ಬೇಕು ಅಲ್ವಾ? ನಿಮ್ಮ ಕಾಲದಲ್ಲಿ ಹಳೇ ಆಯಿಲ್ ಏನ್ಮಾಡ್ತಿದ್ರಿ ಸರ್?’

ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದೆವು. ಎಲ್ಲರ ಕಣ್ಣೂ ಅವರ ಮೇಲೆ. ಅವರು ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

‘ನನ್ ಕಾಲ್ದಲ್ಲಿ ಒಂದ್ ತೊಟ್ಟೂ ಒರಗಡೆ ಬಿಟ್ಟಿಲ್ಲಮ್ಮ. ಎಲ್ಲಾ ಡ್ರಮ್ಮಿಗೇ.’

ಅಷ್ಟೇ ಸಾಕಾಯಿತು. ಅವತ್ತೇ ನಾನು ಪಾಲಿಕೆಗೆ ಎರಡು ಪುಟದ ಅರ್ಜಿ ಜಡಿದೆ. ‘ಹಿಂದಿನ ಮಾಲೀಕರ ಕಾಲದಲ್ಲಿ ಇಂತಹ ಅನಾಚಾರ ಎಂದೂ ನಡೆದಿರುವುದಿಲ್ಲ’ ಎಂಬ ಸಾಲು ನನ್ನದೇ. ಬರೆದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ, ಅಷ್ಟು ಇಷ್ಟವಾಗಿತ್ತು. ಹದಿನಾಲ್ಕು ಜನ ಸಹಿ ಹಾಕಿದೆವು. ಮುನಿಯಲ್ಲಪ್ಪನವರೂ ಹಾಕಿದರು. ಗುರುವಾರ ಅಧಿಕಾರಿ ಸ್ಥಳಕ್ಕೆ ಬರುತ್ತಾರೆ, ತಪ್ಪು ಕಂಡರೆ ಅಂಗಡಿಗೆ ಬೀಗ ಎಂದು ಮುಜಫ್ಫರನಿಗೆ ನೋಟಿಸು ಹೋಯಿತು.

ಬುಧವಾರ ಸಂಜೆ ಐದಕ್ಕೆ ಮುನಿಯಲ್ಲಪ್ಪನವರು ನಮ್ಮ ಮನೆಯ ಗೇಟಿಗೆ ಬಂದು ನಿಂತರು. ಒಳಗೆ ಕರೆದರೆ ಬರಲಿಲ್ಲ.

‘ಸಾರ್, ಅವತ್ತು ಸುಳ್ಳೇಳ್ಬುಟ್ಟೆ.’

ಗ್ಯಾರೇಜಿನ ನೆಲದಿಂದ ಹಿಂದಿನ ದಡಕ್ಕೆ ಪೈಪು ಹಾಕಿದ್ದವರು ಅವರೇ. ಅದರ ತುದಿಗೆ ಆಳುದ್ದ ಗುಂಡಿ ತೋಡಿ, ತಳಕ್ಕೆ ಮರಳು ಹಾಕಿ, ಮೇಲೆ ಕಲ್ಲು ಮುಚ್ಚಿದ್ದರು. ತಾರಸಿ ಹಾಕುವ ಸೆಂಟ್ರಿಂಗ್‌ನವರು ಹಲಗೆಗೆ ಬಳಿಯಲು ಒಂದಷ್ಟು ಕರಿ ಎಣ್ಣೆ ಒಯ್ಯುತ್ತಿದ್ದರು. ಉಳಿದದ್ದೆಲ್ಲ ಪೈಪಿಗೆ, ಹಳೆಯ ಫಿಲ್ಟರುಗಳೆಲ್ಲ ಕಲ್ಲೆತ್ತಿ ಗುಂಡಿಗೆ. ಮೂವತ್ತೇಳು ವರ್ಷ.

‘ಆಗ ಎಲ್ಲಾ ಗ್ಯಾರೇಜ್ನೋರೂ ಇಂಗೇ ಮಾಡ್ತಿದ್ದಿದ್ದು ಸಾರ್. ಮಣ್ಣು ಕುಡ್ಕೋತದೆ ಅನ್ಕೊಂಡಿದ್ದೆ. ಇವ್ನೂ ಅದೇ ಪೈಪಿಗೇ ಬಿಡ್ತಾವ್ನೆ. ನಾಳೆ ಅವ್ರು ಬರೋದ್ರೊಳ್ಗೆ ಮುಚ್ಚಪ್ಪಾ ಅಂತ ಏಳ್ಬೇಕು. ಒಬ್ನೇ ಓಗೋಕೆ ಮಕ ಇಲ್ಲ. ಜೊತೆಗೆ ಬನ್ನಿ.’

ಹೋದೆವು. ಮುಜಫ್ಫರ್ ಕಾರಿನಡಿಯಿಂದ ಎದ್ದು ಬಂದು ಸ್ಟೂಲು ಒರೆಸಿ ಕೊಟ್ಟ, ಟೀ ತರಿಸಿದ. ಉಸ್ತಾದರ ಬಾಯಿಂದ ಪೈಪಿನ ಮಾತು ಹೊರಡಲು ಟೀ ತಣ್ಣಗಾಗುವಷ್ಟು ಹೊತ್ತು ಬೇಕಾಯಿತು. ಅವನು ಎದ್ದು ಮೂಲೆಯಲ್ಲಿದ್ದ ತಗಡು ಸರಿಸಿದ. ಪೈಪಿನ ಬಾಯಿಗೆ ಸಿಮೆಂಟು ಮೆತ್ತಿತ್ತು. ಸಿಮೆಂಟಿನ ಮೇಲೆ ನಾಲ್ಕು ವರ್ಷದ ಕೊಳೆ ಕೂತಿತ್ತು.

‘ನೀವು ಬೀಗದ ಕೈ ಕೊಟ್ರಲ್ಲ, ಆ ವಾರದಲ್ಲೇ ಮುಚ್ಚಿದೆ ಉಸ್ತಾದ್. ಎಲ್ಲಾ ಡ್ರಮ್ಮಿಗೆ ಹಾಕಿ ಆಯಿಲ್ ತಗೊಳ್ಳೋರಿಗೆ ಕೊಡ್ತೀನಿ. ನಿಮಗೆ ಹೇಳಿದ್ರೆ ನಿಮ್ಮ ತಪ್ಪು ಎತ್ತಿ ತೋರ್ಸಿದಂಗೆ ಆಗುತ್ತೆ ಅಂತ ಸುಮ್ನಿದ್ದೆ.’

ಹಿಂದಿನ ಬಾಗಿಲಿನಿಂದ ಕರೆದೊಯ್ದು ದಡ ತೋರಿಸಿದ. ಜೆಸಿಬಿಯ ಹಲ್ಲು ಗುಂಡಿಯನ್ನು ಅರ್ಧಕ್ಕೆ ಸೀಳಿತ್ತು. ಸೀಳಿದ ಕಡೆ ಮಣ್ಣು ಕರ್ರಗೆ ಹೊಳೆಯುತ್ತಿತ್ತು, ಬುಡದಿಂದ ಜಿಡ್ಡು ಒಸರಿ ಕಾಲುವೆಗೆ ಇಳಿಯುತ್ತಿತ್ತು. ಅಂದರೆ ಕೆರೆಗೆ ಬಂದದ್ದು ಮುಜಫ್ಫರನ ಎಣ್ಣೆಯಲ್ಲ, ಮುನಿಯಲ್ಲಪ್ಪನವರದೇ.

ಮುಜಫ್ಫರ್ ಜೇಬಿನಿಂದ ನೋಟಿಸು ತೆಗೆದ. ಅದರ ಜೊತೆಗೆ ನಮ್ಮ ಅರ್ಜಿಯ ಪ್ರತಿಯೂ ಇತ್ತು.

‘ಕೆಳಗೆ ನಿಮ್ಮ ಸಹಿ ಇದೆ ಉಸ್ತಾದ್. ನಿಮ್ಮದೇನಾ ಅಂತ ಮೂರು ಸಲ ನೋಡ್ದೆ.’

ಅವನು ಕೂಗಾಡಿದ್ದರೆ ನಮಗೇ ಸಲೀಸಾಗುತ್ತಿತ್ತು. ಮುನಿಯಲ್ಲಪ್ಪನವರು ಆ ಕಾಗದವನ್ನು ಮುಟ್ಟಲೂ ಇಲ್ಲ.

ವಾಪಸು ಬರುವಾಗ ನಾನು ನನ್ನ ಕಚೇರಿಯ ಬುದ್ಧಿ ಹೇಳಿದೆ. ‘ಹಳೇ ಮಣ್ಣು, ಯಾರು ಹಾಕಿದ್ದೋ ಗೊತ್ತಿಲ್ಲ ಅನ್ನಿ. ಹೆಸರು ಯಾಕೆ ಎತ್ತುತ್ತೀರಿ?’

‘ನನ್ ಎಸ್ರು ಏಳ್ದಿದ್ರೆ ಅವ್ನ್ ಎಸ್ರೇ ನಿಂತ್ಕೊಳ್ತದಲ್ಲ ಸಾರ್. ಅವ್ನ ಅಂಗ್ಡಿ ಓಯ್ತದೆ.’ ಸ್ವಲ್ಪ ದೂರ ನಡೆದು ನಿಂತರು. ‘ಕೆರೆತಾವ ಕೂತ್ಕೊಳ್ಳೋದು ಒಂದೇ ನಂಗೆ ಕುಸಿ ಇದ್ದಿದ್ದು. ಅದು ನಾಳೆಯಿಂದ ಇಲ್ಲ. ಭಯ ಆಯ್ತದೆ ಸಾರ್, ಸುಳ್ಯಾಕೆ ಏಳ್ಲಿ.’

ಗುರುವಾರ ಹನ್ನೊಂದಕ್ಕೆ ಅಧಿಕಾರಿ ಬಂದರು, ಚಿಕ್ಕ ವಯಸ್ಸಿನವರು. ನಮ್ಮ ಬಳಗದವರೂ ನೆರೆದಿದ್ದರು. ಮುನಿಯಲ್ಲಪ್ಪನವರು ಮುಂದೆ ಬಂದು, ಪೈಪು ನಂದು, ಗುಂಡಿ ನಂದು, ಇವನು ಬಂದ ಮೇಲೆ ಮುಚ್ಚಿದಾನೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು. ಯಾರೂ ನಂಬಲಿಲ್ಲ.

‘ಸರ್, ನಿಮ್ಮ ಒಳ್ಳೇತನ ನಮಗೆ ಗೊತ್ತಿಲ್ವಾ?’ ಎಂದರು ಶಾಂತಲಾ. ‘ಅವನನ್ನ ಉಳಿಸೋಕೆ ಹೇಳ್ತಿದ್ದೀರ. ಆ ಜನಕ್ಕೋಸ್ಕರ ನೀವು ಇಷ್ಟೆಲ್ಲ ಮೈಮೇಲೆ ಹಾಕೋಬಾರ್ದು ಕಣ್ರೀ.’

ಆ ಜನ ಎಂದದ್ದು ಮುಜಫ್ಫರನಿಗೆ ಕೇಳಿಸಿತು. ನನಗೂ ಕೇಳಿಸಿತು, ನಾನು ಮೋಡ ನೋಡಿದೆ. ಸಿಮೆಂಟು ನಿನ್ನೆ ಮೆತ್ತಿದ್ದೂ ಇರಬಹುದು ಎಂದು ಅಧಿಕಾರಿ ಬೀಗ ಹಾಕುವವನನ್ನು ಕರೆದರು.

ಮುನಿಯಲ್ಲಪ್ಪನವರು ಮಾತು ಬಿಟ್ಟರು. ಪಂಚೆ ಎತ್ತಿಕಟ್ಟಿ, ಮುಜಫ್ಫರನ ಹಾರೆ ತೆಗೆದುಕೊಂಡು, ಬೇಡ ಬೇಡ ಎಂದರೂ ಕೇಳದೆ ಆ ಮಂಡಿಗಳನ್ನು ಎಳೆದುಕೊಂಡು ಕಾಲುವೆಗೆ ಇಳಿದರು. ಸೀಳಿದ ಗುಂಡಿಯನ್ನು ಕುಕ್ಕಿ ಕುಕ್ಕಿ, ಕೈಹಾಕಿ, ಒಂದೊಂದಾಗಿ ತೆಗೆದು ದಡದ ಮೇಲೆ ಇಟ್ಟರು. ತೂತುತೂತಾದ ತಗಡಿನ ಉರುಳೆಗಳು, ತುಕ್ಕು ತಿಂದಿದ್ದವು, ಕರಿ ಮಣ್ಣು ಮೆತ್ತಿಕೊಂಡಿದ್ದವು.

‘ಅಂಬಾಸಿಡರ್ ಗಾಡಿ ಫಿಲ್ಟ್ರು ಸಾರ್ ಇವು. ಇಲ್ಲಿಗೆ ಆ ಗಾಡಿ ಬರೋದು ನಿಂತು ಅತ್ತೊರ್ಸ ಆಯ್ತು. ಇವ್ನು ಅಂಗ್ಡಿ ತಗೊಂಡಿದ್ದು ನಾಕೊರ್ಸ. ಇವು ಇವ್ನವು ಎಂಗಾಯ್ತವೆ, ನೀವೇ ಏಳಿ.’

ಅಧಿಕಾರಿ ಬೀಗದವನನ್ನು ತಡೆದರು. ಶಾಂತಲಾ ಅವರು ಆ ಉರುಳೆಗಳನ್ನು ನೋಡಿದರು, ಮುನಿಯಲ್ಲಪ್ಪನವರನ್ನು ನೋಡಿದರು. ‘ಅವತ್ತು ನಮ್ಮೆಲ್ಲರ ಮುಂದೆ ಒಂದು ತೊಟ್ಟೂ ಬಿಟ್ಟಿಲ್ಲ ಅಂದ್ರಿ’ ಎಂದರು, ಬಹಳ ಮೆಲ್ಲಗೆ. ಸರ್ ಎನ್ನಲಿಲ್ಲ.

ನಮ್ಮ ಬಡಾವಣೆಯಲ್ಲಿ ಅಂಬಾಸಿಡರ್ ಇಟ್ಟಿದ್ದವನು ನಾನೊಬ್ಬನೇ. ಹದಿನೇಳು ವರ್ಷ ಅಲ್ಲಿ ಎಣ್ಣೆ ಬದಲಾಯಿಸಿಕೊಂಡು ಬಂದಿದ್ದೆ. ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಕೇಳಿದವನಲ್ಲ. ಕೆಳಗಿನಿಂದ ಮುನಿಯಲ್ಲಪ್ಪನವರು ತಲೆ ಎತ್ತಿ ನನ್ನ ಮುಖ ನೋಡಿದರು. ‘ಇವು ಈ ಸಾರ್ ಗಾಡೀವು’ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ನಾನೂ ಹೇಳಲಿಲ್ಲ. ಎಂಥಾ ಹೇಡಿ ನಾನು ಎಂದು ಆಗಲೇ ಗೊತ್ತಾಗಿತ್ತು.

ಮುಜಫ್ಫರ್ ಇಳಿದು ಅವರ ಎರಡೂ ರಟ್ಟೆ ಹಿಡಿದು ಮೇಲಕ್ಕೆ ಹತ್ತಿಸಿದ. ಗುಂಡಿಯ ಮಣ್ಣು ತೆಗೆಸುವ ಹೊಣೆ ಮುನಿಯಲ್ಲಪ್ಪನವರದು ಎಂದು ಅಧಿಕಾರಿ ಬರೆದುಕೊಂಡು ಸಹಿ ಮಾಡಿಸಿದರು. ಅಂಗಡಿ ಉಳಿಯಿತು.

ಮಾರನೆಯ ಬೆಳಿಗ್ಗೆ ಮುನಿಯಲ್ಲಪ್ಪನವರು ಕೆರೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದೇ ಬೆಂಚಿನಲ್ಲಿ ಕೂತಿದ್ದರು. ನಡೆಯುವವರೆಲ್ಲ ತಮ್ಮ ಶೂ ನೋಡಿಕೊಂಡು ದಾಟಿಹೋಗುತ್ತಿದ್ದರು. ಶಾಂತಲಾ ಅವರು ಅರ್ಧಕ್ಕೇ ತಿರುಗಿ ಬಂದ ದಾರಿಯಲ್ಲೇ ಹೋದರು. ನನ್ನನ್ನು ಕಂಡು ಮುನಿಯಲ್ಲಪ್ಪನವರು ಬೆಂಚಿನ ತುದಿಗೆ ಸರಿದು ಜಾಗ ಮಾಡಿದರು.

‘ಬನ್ನಿ ಸಾರ್’ ಎಂದರು.

ನನ್ನ ಹಿಂದೆ ನಾಲ್ಕೈದು ಜನ ಬರುತ್ತಿದ್ದರು. ನಾನು ಫೋನನ್ನು ಕಿವಿಗಿಟ್ಟುಕೊಂಡು, ಹಲೋ, ಹೇಳಿ ಹೇಳಿ ಎನ್ನುತ್ತ ಮುಂದೆ ನಡೆದೆ. ಫೋನಿನಲ್ಲಿ ಯಾರೂ ಇರಲಿಲ್ಲ. ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಆಮೇಲೆ ಅವರು ಕೆರೆಗೆ ಬಂದಿಲ್ಲ. ಅವರ ಮನೆ ನಮ್ಮ ಮನೆಯಿಂದ ಎಂಟು ನಿಮಿಷದ ದಾರಿ. ನಾನು ಹೋಗಿಲ್ಲ.

ಮೊನ್ನೆ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಮುಜಫ್ಫರ್ ಕೈ ಒರೆಸಿಕೊಳ್ಳುತ್ತ ಓಡಿಬಂದ.

‘ಸರ್, ಉಸ್ತಾದ್ ಹೆಂಗಿದ್ದಾರೆ? ನಾನು ಮನೆಗೆ ಹೋದ್ರೆ ಸಿಗಲ್ಲ, ಫೋನ್ ಎತ್ತಲ್ಲ. ನನ್ನ ಮುಖ ನೋಡೋಕೆ ಅವರಿಗೆ ಕಷ್ಟ ಆಗ್ತಿರ್ಬೇಕು. ಕೆರೆ ಹತ್ರ ನೀವು ದಿನಾ ಜೊತೆಗಿರ್ತೀರಲ್ಲ, ಅದೊಂದು ಸಮಾಧಾನ ನಂಗೆ.’

ಹೂಂ ಎಂದೆ.