ಕಾಫಿ ಡ್ರೈಯರ್ ಎಂದು ನಾನು ಬರೆದ ಶೆಡ್

2022ನೇ ಇಸವಿ. ಶನಿವಾರಸಂತೆಯ ಕಡೆಯ ಒಂದು ವಿದ್ಯುತ್ ಶಾಖೆಯಲ್ಲಿ ನಾನು ಶಾಖಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಶಾಖಾಧಿಕಾರಿ ಎಂದರೆ ಹೆಸರಿಗೆ ಅಧಿಕಾರಿ. ಕರೆಂಟು ಹೋದರೆ ಬೈಸಿಕೊಳ್ಳುವುದು, ಬಂದರೆ ಯಾರಿಗೂ ನೆನಪಾಗದೆ ಇರುವುದು, ಇದೇ ಕೆಲಸ. ನನ್ನ ಕೈಕೆಳಗೆ ಆರು ಜನ ಲೈನ್‌ಮನ್‌ಗಳು. ಅವರಲ್ಲಿ ಹಿರಿಯ ಧರ್ಮಪ್ಪ. ಇಪ್ಪತ್ತಾರು ವರ್ಷ ಕಂಬ ಹತ್ತಿದವನು. ಮಾತು ಕಡಿಮೆ, ಅನುಮಾನ ಜಾಸ್ತಿ. ಲೈನ್‌ಮನ್‌ಗೆ ಅನುಮಾನವೇ ಆಯುಷ್ಯ ಎಂದು ನಾನೇ ಅವನನ್ನು ಹೊಗಳುತ್ತಿದ್ದೆ.

ಆ ವರ್ಷದ ಜನವರಿಯಲ್ಲಿ ಒಂದು ಊರಿನಿಂದ ಒಂದೇ ಸಮನೆ ದೂರು ಬರತೊಡಗಿತು. ಊರಿನ ಹೆಸರು ಇಲ್ಲಿ ಬೇಡ. ಅರವತ್ತು ಮನೆ, ಒಂದು ಹಿಟ್ಟಿನ ಗಿರಣಿ, ಕೆಲವು ಪಂಪ್‌ಸೆಟ್. ಇಷ್ಟಕ್ಕೂ ಸೇರಿ 63 ಕೆವಿಎ ಟ್ರಾನ್ಸ್‌ಫಾರ್ಮರ್ ಒಂದು. ಊರಿನ ಕೊನೆಯ ಮನೆಗಳಲ್ಲಿ 230 ಇರಬೇಕಾದ ವೋಲ್ಟೇಜ್ 165ಕ್ಕೆ ಇಳಿದಿತ್ತು. ಫ್ಯಾನು ತಿರುಗುವುದನ್ನು ಲೆಕ್ಕ ಹಾಕಬಹುದಿತ್ತು. ಮೋಟಾರುಗಳು ಗುಂಯ್ ಎನ್ನುತ್ತಿದ್ದವು, ನೀರು ಎತ್ತುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹಾರುತ್ತಿತ್ತು. ಧರ್ಮಪ್ಪ ಹೋಗಿ ಕಟ್ಟಿ ಬರುತ್ತಿದ್ದ.

ಮೂರನೇ ವಾರ ಅವನು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತ.

"ಸಾರ್, ಆ ಲೋಕೇಶಣ್ಣನ ಶೆಡ್ಡಲ್ಲಿ ಏನೋ ಐತೆ. ಡ್ರೈಯರ್ ಅಂತಾರೆ. ಡ್ರೈಯರ್ ಆದ್ರೆ ಹಣ್ಣು ಬಂದಾಗ ಓಡ್ತದೆ, ಇಲ್ದಾಗ ನಿಲ್ತದೆ. ಇದು ನಿಲ್ಲೋದೇ ಇಲ್ಲ."

ಲೋಕೇಶ್ ನನಗೆ ಗೊತ್ತಿದ್ದವನೇ. ನಲವತ್ತರ ಆಸುಪಾಸಿನ ಕಾಫಿ ಬೆಳೆಗಾರ. ಮೂವತ್ತು ಎಕರೆ ತೋಟ, ನಗುಮುಖ, ಬಿಲ್ಲು ಬಂದ ದಿನವೇ ಕಟ್ಟುವವನು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮತ್ತು ಡ್ರೈಯರ್‌ಗೆಂದು 15 ಕಿಲೋವ್ಯಾಟ್ ಮಂಜೂರಾಗಿತ್ತು. ಕರೆಂಟು ಕದಿಯುವವರನ್ನು ಹಿಡಿಯುವುದರಲ್ಲಿ ನಾನು ಹೆಸರು ಮಾಡಿದ್ದೆ. ಮೀಟರಿನ ಮೂಲಕವೇ ತೆಗೆದುಕೊಳ್ಳುವವನನ್ನು ಅನುಮಾನಿಸುವ ಅಭ್ಯಾಸ ನನಗಿರಲಿಲ್ಲ.

ಆದರೂ ತಪಾಸಣೆಗೆ ಹೋದೆ, ಮೊದಲೇ ಫೋನ್ ಮಾಡಿ. ನಮ್ಮ ಕಡೆ ಅದೇ ಪದ್ಧತಿ. ಎಸ್ಟೇಟಿನ ಗೇಟಿಗೆ ಬೀಗ, ಒಳಗೆ ನಾಯಿ. ಹೇಳದೆ ಹೋದವನು ಕಳ್ಳ ಅಥವಾ ಮಾರಾಟಗಾರ. ಮೂವತ್ತು ವರ್ಷ ಎಲ್ಲ ಎಸ್ಟೇಟಿಗೂ ನಾನು ಹೀಗೇ ಫೋನ್ ಮಾಡಿಯೇ ಹೋದವನು. ಕಳ್ಳನಿಗೆ ಮುಂಚಿತವಾಗಿ ತಿಳಿಸಿ ದಾಳಿ ಮಾಡುವ ಪೊಲೀಸನನ್ನು ಯಾರಾದರೂ ಕಂಡಿದ್ದೀರಾ? ನಾನು ಅದನ್ನೇ ಮರ್ಯಾದೆ ಎಂದುಕೊಂಡಿದ್ದೆ.

ಹನ್ನೊಂದು ಗಂಟೆಗೆ ತಲುಪಿದೆ. ಲೋಕೇಶ್ ಗೇಟಿನಲ್ಲೇ ಕಾಯುತ್ತಿದ್ದ. ಶೆಡ್ಡಿನ ಹಿಂಬದಿ ಗೋಡೆಗೆ ಕಿವಿಗಡಚಿಕ್ಕುವ ನಾಲ್ಕು ದೊಡ್ಡ ಫ್ಯಾನು ಕೂರಿಸಿ, ಅವುಗಳಿಂದ ಬರುವ ಬಿಸಿಗಾಳಿಗೆ ಅಡ್ಡಲಾಗಿ ತಂತಿ ಜಾಲರಿಯ ತಟ್ಟೆಗಳನ್ನಿಟ್ಟಿದ್ದ. ತಟ್ಟೆಗಳಲ್ಲಿ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಳಹೊಟ್ಟಿನ ಸಹಿತ ಒಣಗಿಸುವ ಬೀಜ. ನಾನು ಒಂದು ಬೀಜ ತೆಗೆದು ಕಚ್ಚಿ ನೋಡಿದೆ. ಎಷ್ಟು ಒಣಗಿದೆ ಎಂದು ಹಲ್ಲಿನಲ್ಲೇ ಹೇಳುವುದು ನಮ್ಮ ಕಡೆಯವರ ಹೆಮ್ಮೆ.

"ಇನ್ನೊಂದು ದಿನ ಬೇಕು," ಎಂದೆ.

"ಸಾರ್ ಹತ್ರ ಏನೂ ಮುಚ್ಚಿಡೋಕಾಗಲ್ಲ ನೋಡಿ," ಎಂದು ಲೋಕೇಶ್ ನಕ್ಕ. ನಾನು ಉಬ್ಬಿಹೋದೆ.

ಟಾಂಗ್ ಟೆಸ್ಟರ್ ಹಾಕಿ ನೋಡಿದೆ. ತಂತಿಯನ್ನು ಕತ್ತರಿಸದೆ ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಸಲಕರಣೆ ಅದು. 22 ಆಂಪಿಯರ್ ತೋರಿಸಿತು, ಮಂಜೂರಾತಿಯ ಮಿತಿಯೊಳಗೇ. ಶೆಡ್ಡಿನ ಬಾಗಿಲು ಮುಚ್ಚಿತ್ತು. ಒಳಗೆ ಚೀಲ ಕಟ್ಟಿದ ಕಾಫಿ ಇದೆ ಎಂದ. ಕಾಫಿ ಗೋಡೌನಿಗೆ ಹೊರಗಿನವರು ಕಾಲಿಡುವುದಿಲ್ಲ. ಬೀಜ ಹೊರಗಿನ ವಾಸನೆ ಹೀರಿಕೊಳ್ಳುತ್ತದೆ, ಮೇಲಾಗಿ ಚೀಲ ಎಣಿಸಲು ಬಂದವನಂತೆ ಕಾಣುತ್ತದೆ. ನಾನು ಬಾಗಿಲು ತೆಗೆ ಎನ್ನಲಿಲ್ಲ. ಜೀಪಿನ ಬಾನೆಟ್ ಮೇಲಿಟ್ಟುಕೊಂಡು ವರದಿ ಬರೆದೆ. ಲೋಡಿನ ಸ್ವರೂಪ: ಕಾಫಿ ಡ್ರೈಯರ್, ಹಂಗಾಮಿನದು. ಪರ್ಯಾಯ ವಿದ್ಯುತ್ ಮೂಲ ಎಂಬ ಕಲಮಿತ್ತು. ಜನರೇಟರ್ ಇದೆಯೇ ಎಂದು ಕೇಳುವ ಜಾಗ ಅದು. ಅಲ್ಲಿ 'ಇಲ್ಲ' ಎಂದು ಬರೆದೆ. ಆಮೇಲೆ ಅವನ ಮನೆಯ ಜಗಲಿಯಲ್ಲಿ ಕಾಫಿ ಕುಡಿದೆ.

ಮಾರ್ಚ್ ಬಂತು, ಹೂಮಳೆ ಬರಲಿಲ್ಲ. ಕಾಫಿ ಹೂ ಬಿಡಲು ಆಗ ಒಂದು ಮಳೆ ಬೇಕೇ ಬೇಕು. ಅದು ಕೈಕೊಟ್ಟರೆ ಬೆಳೆಗಾರರು ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ಎಲ್ಲರ ಮೋಟಾರೂ ಒಂದೇ ವಾರ ಎದ್ದು ಕೂರುತ್ತದೆ. ಅಂಥ ಒಂದು ದಿನ ಮಧ್ಯಾಹ್ನ ಆ ಊರಿನ ಕಂಬವೊಂದರ ಮೇಲೆ ತಂತಿಯ ಜಾಯಿಂಟ್ ಕಾದು ಕಾದು ಕರಗಿ ಬಿತ್ತು. ಲೋಕೇಶನ ಶೆಡ್ಡಿಗೆ ಹೋಗುವ ಕಂಬ.

ಧರ್ಮಪ್ಪ ಹೋಗಿ ಟ್ರಾನ್ಸ್‌ಫಾರ್ಮರಿನ ಸ್ವಿಚ್ ತೆರೆದ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಇನ್ನು ಆ ಕಡೆಯಿಂದ ಕರೆಂಟು ಬರುವ ಹಾಗಿಲ್ಲ. ನಿಯಮದ ಪ್ರಕಾರ ಅಷ್ಟು ಸಾಲದು. ಅರ್ತ್ ರಾಡ್ ಎಂಬುದೊಂದಿದೆ, ತಂತಿಯನ್ನು ನೆಲಕ್ಕೆ ಜೋಡಿಸುವ ಸಲಾಕೆ. ಅದನ್ನು ನೇತುಹಾಕಿದರೆ ಬೇರೆ ಯಾವ ದಿಕ್ಕಿನಿಂದ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗುತ್ತದೆ. ನಮ್ಮ ಶಾಖೆಯಲ್ಲಿ ರಾಡ್ ಇದ್ದದ್ದು ಎರಡು. ಒಂದರ ಕ್ಲಾಂಪ್ ಮುರಿದು ಆರು ತಿಂಗಳಾಗಿತ್ತು. ಇನ್ನೊಂದು ಅವತ್ತು ಬೇರೆ ಗ್ಯಾಂಗಿನ ಜೊತೆ ಹೋಗಿತ್ತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಧರ್ಮಪ್ಪ ನನಗೆ ಫೋನ್ ಮಾಡಿದ.

"ಸಾರ್, ರಾಡ್ ಇಲ್ಲ. ಈ ಲೈನಲ್ಲಿ ಜನರೇಟರ್ ಇರೋರು ಯಾರಾದ್ರೂ ಅವ್ರಾ?"

ನಾನು ಕಡತ ತೆಗೆದೆ. ನನ್ನದೇ ಅಕ್ಷರ, ನನ್ನದೇ ಸಹಿ.

"ಇಲ್ಲ ಕಣಪ್ಪ. ಹತ್ತು," ಎಂದೆ.

ಎರಡೂವರೆಗೆ ಆ ಊರಿನ ಗಿರಣಿಯವನು ಫೋನ್ ಮಾಡಿದ. ನಾನು ಹೋಗುವಷ್ಟರಲ್ಲಿ ಧರ್ಮಪ್ಪನನ್ನು ಕೆಳಗಿಳಿಸಿ, ಸಿಲ್ವರ್ ಓಕ್ ಮರದ ನೆರಳಿಗೆ ಮಲಗಿಸಿ, ಮುಖದ ಮೇಲೆ ಟವೆಲ್ ಹಾಕಿದ್ದರು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಅವನ ಶರ್ಟಿನ ಜೇಬಿನಿಂದ ಮೂರು ಫ್ಯೂಸ್ ತೆಗೆದು, ಮೂರೂ ಇವೆ ಎಂದು ಖಾತ್ರಿ ಮಾಡಿಕೊಂಡು, ಸಮಯ ಬರೆದುಕೊಂಡೆ. ಯಾರೋ ನೀರು ಕೊಟ್ಟರು, ಕುಡಿದೆ. ಆ ಹೊತ್ತಿನಲ್ಲಿ ನನಗೆ ಕಂಡದ್ದು ಇಷ್ಟೇ: ಶೆಡ್ಡಿನ ಬಾಗಿಲು ತೆರೆದಿತ್ತು.

ಒಳಗೆ ಕಾಫಿ ಚೀಲ ಒಂದೂ ಇರಲಿಲ್ಲ. ಕಬ್ಬಿಣದ ಕಪಾಟಿನಲ್ಲಿ ಶೂ ಡಬ್ಬದ ಗಾತ್ರದ ಹತ್ತು ಯಂತ್ರಗಳು ಕಿರುಚುತ್ತಿದ್ದವು. ಮೂಲೆಯಲ್ಲಿ ಡೀಸೆಲ್ ಜನರೇಟರ್. ಲೋಕೇಶ್ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಗಿರಣಿಯವನು ಬಂದು ಮೇನ್ ಸ್ವಿಚ್ ಕೆಳಗೆ ಮಾಡಿದ್ದ, ಜನರೇಟರ್ ಆರಿಸಬೇಕೆಂಬುದು ಲೋಕೇಶನಿಗೆ ಹೊಳೆದಿರಲಿಲ್ಲ. ನಾನೇ ಆರಿಸಿದೆ.

ಆ ಯಂತ್ರಗಳು ಬಿಟ್‌ಕಾಯಿನ್ ಮೈನಿಂಗ್ ಮಾಡುವಂಥವು. ಹೆಸರಿಗೆ ಗಣಿಗಾರಿಕೆ, ಅಗೆಯುವುದು ಏನನ್ನೂ ಅಲ್ಲ. ಪ್ರಪಂಚದ ತುಂಬ ಇಂಥ ಯಂತ್ರಗಳು ಒಂದು ಸಂಖ್ಯೆಯನ್ನು ಊಹಿಸಲು ಪೈಪೋಟಿ ನಡೆಸುತ್ತವೆ. ಮೊದಲು ಸರಿಯಾಗಿ ಊಹಿಸಿದವರಿಗೆ ಹೊಸ ನಾಣ್ಯ, ಉಳಿದವರಿಗೆ ಬಿಸಿಗಾಳಿ. ಒಂದೊಂದು ಯಂತ್ರ 3.3 ಕಿಲೋವ್ಯಾಟ್. ಹತ್ತಕ್ಕೆ 33. ದಿನಕ್ಕೆ ಇಪ್ಪತ್ನಾಲ್ಕು ಗಂಟೆಯಂತೆ ಸುಮಾರು 800 ಯೂನಿಟ್. ಆ ಊರಿನ ಒಂದು ಮನೆ ದಿನಕ್ಕೆ ಎರಡು ಯೂನಿಟ್ ಸುಟ್ಟರೆ ಹೆಚ್ಚು. ಅರವತ್ತು ಮನೆಯ ಊರಿಗೆ ನಾನೂರು ಮನೆಯ ಹೊಟ್ಟೆ ಇರುವ ಒಬ್ಬ ನೆಂಟ ಬಂದು ಕೂತಿದ್ದ, ಏರಿದ ಬಿಲ್ಲನ್ನು ನಾವು ಡ್ರೈಯರಿನ ಹಂಗಾಮು ಎಂದುಕೊಂಡಿದ್ದೆವು.

ಪ್ರಮಾಣಕ್ಕಿಂತ ದೊಡ್ಡ ತೊಂದರೆ ಬೇರೆಯದು. ಊರಿನ ಲೋಡಿಗೆ ಏರಿಳಿತ ಇರುತ್ತದೆ. ಗಿರಣಿ ನಿಲ್ಲುತ್ತದೆ, ಮೋಟಾರು ನಿಲ್ಲುತ್ತದೆ, ಆಗ ತಂತಿ, ಜಾಯಿಂಟ್, ಟ್ರಾನ್ಸ್‌ಫಾರ್ಮರಿನ ಎಣ್ಣೆ ಎಲ್ಲವೂ ತಣ್ಣಗಾಗುತ್ತವೆ. ಈ ಯಂತ್ರಗಳು ತಣಿಯಲು ಬಿಡುವುದಿಲ್ಲ. ಕರೆಂಟು ಹೋಗಿ ಬಂದರೆ ಹತ್ತೂ ಒಟ್ಟಿಗೆ ಎಳೆಯುತ್ತವೆ, ಫ್ಯೂಸ್ ಹಾರುತ್ತದೆ. ಕೆಲವು ದೇಶಗಳಲ್ಲಿ ಗ್ರಿಡ್ ಬಿಗಿಯಾದಾಗ ಇಂಥವರೇ ಯಂತ್ರ ಆರಿಸಿ ಸಹಾಯ ಮಾಡುತ್ತಾರಂತೆ. ಲೋಕೇಶ್ ವಿಚಾರಣೆಯಲ್ಲಿ ಅದನ್ನು ಹೇಳಿದ. ಅದು ಸುಳ್ಳಲ್ಲ. ಆದರೆ ಅಲ್ಲಿ ಯಂತ್ರ ಇರುವುದು ಗ್ರಿಡ್ಡಿಗೆ ಗೊತ್ತಿರುತ್ತದೆ. ಇಲ್ಲಿ ಗೊತ್ತಿರಬೇಕಾದವನು ನಾನು.

ಇನ್ನೊಂದು ಮಾತನ್ನೂ ಹೇಳಬೇಕು. ಲೋಕೇಶ್ ತೋರಿಸಿದ ಕಾಫಿ ನಿಜವಾಗಿಯೂ ಒಣಗುತ್ತಿತ್ತು, ಆ ಯಂತ್ರಗಳ ಬಿಸಿಗೆ. ನನ್ನ ಫೋನ್ ಬಂದಮೇಲೆ ಆರು ಯಂತ್ರ ಆರಿಸಿದ್ದ, ಅಷ್ಟೇ. ಕೊಡಗಿನ ತಂಪಿಗೆ ಏಸಿ ಬೇಡ, ಬಿಸಿಗಾಳಿಯೂ ದಂಡವಾಗುವುದಿಲ್ಲ ಎಂದು ಹುಷಾರಿಯಿಂದ ಹೂಡಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಕಚ್ಚಿಯೂ ನೋಡಿದ್ದೆ.

ಅಪಘಾತ ನಡೆದದ್ದು ಹೀಗೆ. ಜನರೇಟರ್ ಹಾಕುವ ಮೊದಲು ಮೇನ್ ಸ್ವಿಚ್ ಕೆಳಗೆ ಮಾಡಬೇಕು. ಇಲ್ಲದಿದ್ದರೆ ಜನರೇಟರಿನ ಕರೆಂಟು ನಮ್ಮ ತಂತಿಗೆ ಹಿಮ್ಮುಖವಾಗಿ ಹರಿಯುತ್ತದೆ. ಅವತ್ತು ಕರೆಂಟು ಬರಲಿಲ್ಲವೆಂದು ಕಾದು, ಆಮೇಲೆ ಅವಸರದಲ್ಲಿ ಮೇನ್ ಮರೆತು ಜನರೇಟರ್ ಹಾಕಿದ. ಹೊರಗೆ ಕಂಬದ ಮೇಲೆ ಧರ್ಮಪ್ಪ ಇರುವುದು ಅವನಿಗೆ ತಿಳಿದಿರಲಿಲ್ಲ. ಲೋಕೇಶನ ಮೇಲೆ ಕೇಸಾಯಿತು, ಯಂತ್ರಗಳು ಜಪ್ತಿಯಾದವು. ಅದು ಕೋರ್ಟಿನ ವಿಷಯ.

ನನ್ನ ವಿಷಯ ಬೇರೆ. ವಿದ್ಯುತ್ ಪರಿವೀಕ್ಷಕರ ವಿಚಾರಣೆ ಶುರುವಾಯಿತು. ಅರ್ತ್ ರಾಡ್ ಹಾಕಿರಲಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. 'ನೌಕರನ ಸ್ವಂತ ಅಜಾಗರೂಕತೆ' ಎಂದು ಷರಾ ಬಿದ್ದರೆ ಅವನ ಹೆಸರೂ ಕೆಡುತ್ತಿತ್ತು, ಹೆಂಡತಿ ಚಂದ್ರಮ್ಮನಿಗೆ ಸಿಗಬೇಕಾದದ್ದೂ ತೊಡಕಿಗೆ ಬೀಳುತ್ತಿತ್ತು. ಅವನು ಕೇಳಿಯೇ ಹತ್ತಿದ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಅದರಲ್ಲಿ ಒಬ್ಬ ಸತ್ತಿದ್ದ.

ನನ್ನ ಮೇಲಧಿಕಾರಿ ಕೆಟ್ಟ ಮನುಷ್ಯರಲ್ಲ. ಫೋನಿನ ವಿಷಯವನ್ನು ಅವರೊಬ್ಬರಿಗೆ ಹೇಳಿದೆ. ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು: "ನೀವು ಸುಳ್ಳು ಹೇಳೋದು ಬೇಡ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಫೋನ್ ಬಗ್ಗೆ ಅವರು ಕೇಳಲ್ಲ."

ಅವರು ಕೇಳಲಿಲ್ಲ. ಮೊದಲ ದಿನ ನಾನೂ ಹೇಳಲಿಲ್ಲ. ನಾಲ್ಕು ಪುಟ ಹೇಳಿಕೆ ಕೊಟ್ಟು ಮನೆಗೆ ಬಂದು ಊಟ ಮಾಡಿದೆ. ಊಟ ಸೇರಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಆ ದಿನಗಳಲ್ಲಿ ನನ್ನೊಳಗೆ ಫ್ಯೂಸ್ ಕಿತ್ತ ಹಾಗಿತ್ತು. ದುಃಖವೂ ಇಲ್ಲ, ಭಯವೂ ಇಲ್ಲ. ಹೆಂಡತಿ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ, ಅಷ್ಟೇ.

ಹತ್ತನೇ ದಿನ ಪರಿಹಾರದ ಅರ್ಜಿಗೆ ಸಹಿ ಹಾಕಿಸಲು ಚಂದ್ರಮ್ಮನ ಮನೆಗೆ ಹೋದೆ. ಆಕೆ ಹೆಬ್ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಗದ ಓದದೆಯೇ ಸಹಿ ಹಾಕಿ, ಆಮೇಲೆ ಕೇಳಿದರು:

"ಸಾರ್, ಅವ್ರು ತಪ್ಪು ಮಾಡಿದ್ರಂತೆ, ಹೌದಾ? ಆಫೀಸಲ್ಲಿ ಅಂತಾವ್ರೆ. ಅವ್ರು ಹಂಗೆ ಹತ್ತೋರಲ್ಲ ಸಾರ್. ಮನೆ ಬಲ್ಬ್ ಹಾಕೋಕೂ ಎರಡು ಸಲ ಮೇನ್ ನೋಡೋರು."

ನಾನು ಏನನ್ನೂ ತೀರ್ಮಾನಿಸಿರಲಿಲ್ಲ. ಬಾಯಿ ತಾನೇ ಹೇಳಿತು: "ತಪ್ಪು ಅವನದಲ್ಲಮ್ಮ. ಜನರೇಟರ್ ಇದೆಯಾ ಅಂತ ನನ್ನ ಕೇಳಿದ. ನಾನು ಇಲ್ಲ, ಹತ್ತು ಅಂದೆ. ಶೆಡ್ಡಿನ ಒಳಗೆ ನಾನು ಹೋಗಿ ನೋಡಿರಲಿಲ್ಲ."

ಆಕೆಯ ಕೈ ನಿಂತಿತು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಇದನ್ನ ಅಲ್ಲೂ ಹೇಳಿ ಸಾರ್," ಎಂದು ಆಕೆ ಮತ್ತೆ ಕಾಯಿ ಸುಲಿಯತೊಡಗಿದರು.

ಮರುದಿನ ಪರಿವೀಕ್ಷಕರ ಮುಂದೆ ಹೋಗಿ ಪೂರಕ ಹೇಳಿಕೆ ಕೊಟ್ಟೆ. ಫೋನಿನ ಸಮಯ, ಮುರಿದ ರಾಡ್, ಮುಂಚಿತವಾಗಿ ತಿಳಿಸಿದ ತಪಾಸಣೆ, ತೆರೆಯದ ಬಾಗಿಲು, ಎಲ್ಲ ಬರೆಸಿದೆ. ಧರ್ಮಪ್ಪನ ಕಡತದಲ್ಲಿ ಆ ಷರಾ ಬೀಳಲಿಲ್ಲ. ನನ್ನದರಲ್ಲಿ ಬಿತ್ತು. ವೇತನ ಬಡ್ತಿ ನಿಂತಿತು, ಬರಬೇಕಿದ್ದ ಪದೋನ್ನತಿ ಬರಲಿಲ್ಲ. ದುಃಖವಾಗಲಿಲ್ಲ, ಸಮಾಧಾನವೂ ಆಗಲಿಲ್ಲ. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುವವರು ತಡವಾಗಿ ಮಾಡಿದವರನ್ನು ಕೇಳಿರಲಿಕ್ಕಿಲ್ಲ.

ಅನುಕಂಪದ ಆಧಾರದ ಮೇಲೆ ಚಂದ್ರಮ್ಮನಿಗೆ ನಮ್ಮ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಕಡತಗಳನ್ನು ನೋಡಿ, ಮೊಹರು ಹಾಕಿ, ಉಪವಿಭಾಗಕ್ಕೆ ಕಳಿಸುವ ಕೆಲಸ. ನನ್ನ ತಪಾಸಣಾ ವರದಿಗಳೂ ಆಕೆಯ ಮೇಜನ್ನು ದಾಟಿಯೇ ಹೋಗಬೇಕು. ಮೊದಲ ವರದಿ ಇಟ್ಟಾಗ ಆಕೆ ಮೊಹರು ಎತ್ತಿಕೊಂಡು ಕೇಳಿದರು, "ಒಳಗೆ ಹೋಗಿ ನೋಡಿದ್ರಾ ಸಾರ್?" ದನಿಯಲ್ಲಿ ಕೊಂಕಿರಲಿಲ್ಲ. ನೋಡಿದೆ ಎಂದೆ, ಮೊಹರು ಬಿತ್ತು. ಆಮೇಲೆ ಪ್ರತಿ ವರದಿಗೂ ಅದೇ ಪ್ರಶ್ನೆ. ನೋಡದ್ದನ್ನು 'ಇಲ್ಲ' ಎಂದು ಬರೆಯಬಾರದು, 'ನೋಡಿಲ್ಲ' ಎಂದು ಬರೆಯಬೇಕು. ಮೂವತ್ತು ವರ್ಷದ ನೌಕರಿ ಕಲಿಸದ ಇಷ್ಟನ್ನು ಆ ಎರಡು ವರ್ಷ ಕಲಿಸಿತು.

ನಿವೃತ್ತಿಯ ವಾರ ಒಂದು ಅಡಿಕೆ ಸುಲಿಯುವ ಘಟಕದ ವರದಿ ಕೊಟ್ಟೆ. ಆಕೆ ಕೇಳಿದರು. ಸುಸ್ತಾಗಿತ್ತು, ಜೀಪಿನ ಡ್ರೈವರ್ ಊಟಕ್ಕೆ ಹೋಗಿದ್ದ. "ಒಂದು ಕೋಣೆಗೆ ಬೀಗ ಹಾಕಿತ್ತಮ್ಮ. ಏನಿರುತ್ತೆ ಅಲ್ಲಿ," ಎಂದೆ.

ಚಂದ್ರಮ್ಮ ಮೊಹರನ್ನು ಕೆಳಗಿಟ್ಟು, ಕಾಗದವನ್ನು ನನ್ನ ಕಡೆಗೆ ತಳ್ಳಿದರು.

"ಹೋಗ್ಬನ್ನಿ ಸಾರ್. ನಾನು ಐದೂವರೆ ತನಕ ಇಲ್ಲೇ ಇರ್ತೀನಿ."

ಹೋಗಿ, ಬೀಗ ತೆಗೆಸಿ, ನೋಡಿ ಬಂದೆ.