ದಪ್ಪ ಅಕ್ಷರದಲ್ಲಿ ನನ್ನ ಹೆಸರು

ಬೀಗದ ತುಕ್ಕು ತೆಗೆಯಲು ಮೊನ್ನೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿದೆ. ಆ ವಾಸನೆಗೆ ನಮ್ಮ ನೆರೆಮನೆಯ ಕಾಕಾ ನೆನಪಾದರು. ಧಾರವಾಡದ ಒಂದು ಸಣ್ಣ ಛಾಪಖಾನೆಯಲ್ಲಿ ಅಚ್ಚಿನ ಮೊಳೆ, ಸೀಸದ ಬಿಡಿ ಅಕ್ಷರ, ಜೋಡಿಸುತ್ತಿದ್ದರು. ಮೊಳೆ ತೊಳೆದ ಸೀಮೆಎಣ್ಣೆಯ ವಾಸನೆ ಅವರ ಅಂಗಿ ಬಿಟ್ಟು ಹೋಗುತ್ತಲೇ ಇರಲಿಲ್ಲ...

ಅರವತ್ತರ ದಶಕದ ಮೊದಲ ವರ್ಷಗಳು. ಹುಬ್ಬಳ್ಳಿಯ ಗಂಡನ ಮನೆಯ ಏಟು ತಾಳಲಾರದೆ ನಾನು ಅವ್ವನ ಬಳಿ ಬಂದಿದ್ದೆ. ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ್ದೆ, ಮರುದಿನ ಸಂದರ್ಶನ. ಆ ಮಧ್ಯಾಹ್ನ ಕಾಕಾನ ಹೆಂಡತಿ ಕಾಕು ಕೊಟ್ಟ ಬುತ್ತಿಯ ಡಬ್ಬಿ ಹಿಡಿದು ಛಾಪಖಾನೆಗೆ ಹೋದೆ.

ಅಲ್ಲಿ ಹಳೆಯ ದಪ್ಪ ಅಕ್ಷರಗಳ ಒಂದೇ ಒಂದು ಪೆಟ್ಟಿಗೆ ಇತ್ತು. ಮೈತುಂಬಿದ ಅಕ್ಷರಗಳು, ತಲೆಕಟ್ಟಿನ ತುದಿಗೆ ಕತ್ತರಿಸಿದಂಥ ಚೂಪು ಮೂಲೆ. ನಾಟಕದ ಹೆಸರು, ಮದುಮಕ್ಕಳ ಹೆಸರು, ತೀರಿಕೊಂಡವರ ಹೆಸರಿಗೆ ಮಾತ್ರ ಕಾಕಾ ಅದನ್ನು ಮುಟ್ಟುತ್ತಿದ್ದರು. "ಈ ಅಕ್ಷರ ಒದರಿ ಹೇಳತಾವ ತಂಗಿ, ಸುಮ್ಮಸುಮ್ಮನ ಹಚ್ಚಬಾರದು" ಎನ್ನುತ್ತಿದ್ದರು.

ನಾನು ಹೋದಾಗ ಅವರು ಕೈಕಟ್ಟಿ ಕೂತಿದ್ದರು. ಮುಂದೆ ಜೋಡಿಸಿದ ಒಂದೇ ಸಾಲು. ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದ ಆ ದಪ್ಪ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ನನ್ನ ಹೆಸರು... ಪಕ್ಕದ ಚೀಟಿಯಲ್ಲಿ ಉಳಿದದ್ದಿತ್ತು: ಇವಳು ನಡತೆಗೆಟ್ಟು ಮನೆ ಬಿಟ್ಟವಳು, ಯಾರೂ ಆಶ್ರಯವನ್ನಾಗಲಿ ಕೆಲಸವನ್ನಾಗಲಿ ಕೊಡಬಾರದು. ಕೆಳಗೆ ಗಂಡನ ತಂದೆ, ನನ್ನ ಮಾವನ ಸಹಿ.

"ಮಾಲಕರು ಒಪ್ಪ್ಯಾರ. ಸಂಜೀಕ ಊರತುಂಬ ಹಂಚತಾರಂತ" ಎಂದರು ಕಾಕಾ.

ಅಷ್ಟರಲ್ಲಿ ಹೊರಗೆ ಮಾವನ ದನಿ. ಕಾಕಾ ನನ್ನನ್ನು ಕಾಗದದ ಕೋಣೆಗೆ ತಳ್ಳಿದರು. ಡಬ್ಬಿ ಸದ್ದಾಗದಂತೆ ಎದೆಗೆ ಒತ್ತಿ ಹಿಡಿದು ಬಾಗಿಲ ಸಂದಿಯಿಂದ ನೋಡಿದೆ.

"ಇನ್ನೂ ಒಂದ ಸಾಲೇನ್ರಿ? ಲಗೂ ಮಾಡ್ರಿ. ಪೂರಾ ದಪ್ಪ ಅಕ್ಷರದಾಗನ ಬೇಕು."

"ಮಾಡಾಕತ್ತೇನ್ರಿ" ಎಂದ ಕಾಕಾ ಆ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿದರು. ಎತ್ತುವ ಅಗತ್ಯವೇ ಇರಲಿಲ್ಲ. ಒಂದು ಗಳಿಗೆ ಹಾಗೇ ಹಿಡಿದಿದ್ದರು... ಆಮೇಲೆ ಬಿಟ್ಟರು.

ಮೊಳೆಗಳೆಲ್ಲ ಕಲ್ಲುಹಾಸಿನ ತುಂಬ ಚೆಲ್ಲಿದವು. ಮತ್ತೆ ಆರಿಸಿ ಖಾನೆ ಖಾನೆಗೆ ಹಾಕಲು ದಿನಗಳೇ ಬೇಕು. ಮಾಲಕರು ಓಡಿಬಂದರು.

"ಕೈ ಜಾರಿತ್ರೀ" ಎಂದರು ಕಾಕಾ.

ಎಂದೂ ಜಾರದ ಕೈ ಅದೆಂದು ಮಾಲಕರಿಗೆ ಗೊತ್ತಿತ್ತು. "ನಾಳಿಂದ ಬರಬ್ಯಾಡ್ರಿ" ಎಂದರು. ಮಾವ ಚೀಟಿ ಕಸಿದುಕೊಂಡು, ಹುಬ್ಬಳ್ಳಿಯಲ್ಲೇ ಅಚ್ಚು ಹಾಕಿಸುತ್ತೇನೆಂದು ಹೊರಟರು.

ಅಲ್ಲಿ ಅಚ್ಚಾದ ಆ ಕಾಗದ ಹಂಚಿಕೆಯಾದದ್ದು ನಾಲ್ಕು ದಿನದ ಮೇಲೆ. ಅಷ್ಟರಲ್ಲಿ ನಾನು ಆಯ್ಕೆಯಾಗಿದ್ದೆ. ತರಬೇತಿ ಶಾಲೆಯ ಹಿರಿಯ ಅಕ್ಕೋರು ಅದನ್ನು ಓದಿ, ನನ್ನ ಮುಖ ನೋಡಿ, ಹರಿದು ಬುಟ್ಟಿಗೆ ಹಾಕಿದರು.

ಕಾಕಾನಿಗೆ ಮಾತ್ರ ಊರಿನ ಯಾವ ಛಾಪಖಾನೆಯೂ ಕೆಲಸ ಕೊಡಲಿಲ್ಲ. ಕಾಕಾ, ಕಾಕು ಇಬ್ಬರೂ ಮಗಳ ಊರಿಗೆ ಹೋದರು. ನೌಕರಿ ಸಿಕ್ಕ ಮೇಲೆ ನೋಡಿಬರಬೇಕೆಂದುಕೊಂಡೆ, ಆಮೇಲೆ ದೀಪಾವಳಿಗೆ ಅಂದುಕೊಂಡೆ... ಕೊನೆಗೂ ಹೋದಾಗ ಕಾಕು ಒಬ್ಬರೇ ಇದ್ದರು, ಹಣೆ ಬರಿದಾಗಿತ್ತು. "ನಿನ್ನ ಸುದ್ದಿ ಕೇಳತಿದ್ರವ್ವಾ" ಎಂದರು.

ಈಗ ನನಗೆ ಎಂಬತ್ತು ದಾಟಿದೆ. ಅಂದು ಮಾವ ಹೊರಟುಹೋದ ಮೇಲಾದರೂ ಆ ಕಾಗದದ ಕೋಣೆಯಿಂದ ಹೊರಬಂದು, ಕಾಕಾನ ಪಕ್ಕ ನೆಲಕ್ಕೆ ಕೂತು ಮೊಳೆ ಆರಿಸಬೇಕಿತ್ತು. ಅವರು ಒಬ್ಬರೇ ಬಗ್ಗಿ ಆರಿಸುತ್ತಿದ್ದರು. ನಾನು ಹಿಂಬಾಗಿಲಿನಿಂದ ಮನೆಗೆ ಬಂದುಬಿಟ್ಟೆ.